ಮುತ್ತಜ್ಜಿ ನನ್ನನ್ನೇ ನೋಡುತ್ತಿದ್ದಾರೆ!

ಪ್ರಶ್ನೆ: ಹಳೇ ಪೆಟ್ಟಿಗೆಯಲ್ಲಿ ಮುತ್ತಜ್ಜಿಯ ಫೋಟೋ ಸಿಕ್ಕಿತು. ನಾನು ಅವರನ್ನು ಕಂಡವಳೇ ಅಲ್ಲ, ಆದರೂ ಕೆಳಗಿಡಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಸಾವಿರಾರು ಫೋಟೋಗಳಿವೆ, ಒಂದೂ ಹೀಗೆ ಹಿಡಿದು ನಿಲ್ಲಿಸುವುದಿಲ್ಲ. ಇದು ಸುಮ್ನೆ ಹಳೆಯದರ ಮೋಹವೇ?

ಉತ್ತರ: ಮೋಹ ಇದೆ, ಆದರೆ ಅದೊಂದೇ ಅಲ್ಲ. ನಿಮ್ಮ ಮುತ್ತಜ್ಜಿ ಆ ಫೋಟೋಕ್ಕಾಗಿ ಕೂತಿದ್ದರು. ಬಟ್ಟೆ ಸರಿಮಾಡಿಕೊಂಡು, ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ, ಉಸಿರು ಬಿಗಿಹಿಡಿದು. ಫೋನಿನಲ್ಲಿ ನಾವು ಸಿಕ್ಕಿಬೀಳುತ್ತೇವೆ. ಅವರು ತಮ್ಮನ್ನು ಒಪ್ಪಿಸಿಕೊಂಡರು. ಆ ಮುಖದಲ್ಲಿ ಕಾಣುವುದು ಅದೇ ಅಂತ ನನಗನ್ನಿಸುತ್ತದೆ.

ಇನ್ನು ಕಣ್ಣು. ಆಗಿನ ಕ್ಯಾಮೆರಾದಲ್ಲಿ ಫಿಲ್ಮಿನ ಬದಲು ದೊಡ್ಡ ಗಾಜಿನ ಪ್ಲೇಟ್ ಇರುತ್ತಿತ್ತು, ಅದಕ್ಕೆ ತಕ್ಕ ದೊಡ್ಡ ಲೆನ್ಸು. ಹಾಗಾಗಿ ಫೋಕಸ್ ತೀರಾ ತೆಳು: ಕಣ್ಣು ಚೂಪಾಗಿದ್ದರೆ ಕಿವಿ ಆಗಲೇ ಮಸುಕು. ನಮ್ಮ ನೋಟ ಬೇರೆಲ್ಲಿಗೆ ಹೋದೀತು? ಮೇಲಾಗಿ ಎಷ್ಟೋ ಚಿತ್ರಗಳನ್ನು ದೊಡ್ಡದು ಮಾಡದೆ, ಪ್ಲೇಟನ್ನು ನೇರವಾಗಿ ಕಾಗದಕ್ಕೆ ಒತ್ತಿ ಅದೇ ಅಳತೆಯಲ್ಲಿ ಮುದ್ರಿಸುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿ, ಬಟ್ಟೆಯ ನೂಲೂ ಕಂಡೀತು. ಹಾಗಂತ ಎಲ್ಲವೂ ನಿಜ ಅಂದುಕೊಳ್ಳಬೇಡಿ! ಹಳೆಯ ಪ್ಲೇಟುಗಳಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ, ಚರ್ಮದ ಕಲೆಗಳು ಕಪ್ಪಾಗಿ ಎದ್ದು ಬರುತ್ತಿದ್ದವು. ಅದಕ್ಕೇ ನೆಗೆಟಿವ್ ಮೇಲೆ, ಅಂದರೆ ಆ ಪ್ಲೇಟಿನ ಮೇಲೆಯೇ, ಸಣ್ಣ ಪೆನ್ಸಿಲಿನಿಂದ ತಿದ್ದಿ ಮುಖ ನುಣುಪು ಮಾಡುತ್ತಿದ್ದರು. ಫಿಲ್ಟರ್ ಹೊಸದೇನಲ್ಲ ಬಿಡಿ.

ಪ್ರಶ್ನೆ: ಅವರು ಯಾಕೆ ನಗುತ್ತಿಲ್ಲ? ಅಷ್ಟು ಕಷ್ಟದ ಬದುಕಿತ್ತೇ?

ಉತ್ತರ: ಫೋಟೋ ನೋಡಿ ಅದನ್ನು ಹೇಳಲಾಗದು. 1839ರಲ್ಲಿ ಫ್ರಾನ್ಸಿನ ಡಾಗೆರ್ ಫೋಟೋ ತೆಗೆಯುವ ತನ್ನ ವಿಧಾನವನ್ನು ಹೊರಗಿಟ್ಟಾಗ ಮುಖದ ಫೋಟೋ ತೆಗೆಯುವುದೇ ಕಷ್ಟವಿತ್ತು, ಬಿಸಿಲಲ್ಲೂ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ತಲೆ ಅಲುಗದಿರಲಿ ಅಂತ ಹಿಂದೆ ಕಬ್ಬಿಣದ ಆಸರೆ ಬೇರೆ. ಆದರೆ ಕೆಲವೇ ವರ್ಷಗಳಲ್ಲಿ ಅದು ಸೆಕೆಂಡುಗಳಿಗೆ ಇಳಿಯಿತು. ಆಮೇಲೂ ಜನ ನಗಲಿಲ್ಲ. ಬಣ್ಣದಲ್ಲಿ ಬರೆಸಿದ ಭಾವಚಿತ್ರದ ಗತ್ತೇ ಇಲ್ಲಿಗೂ ಬಂತು, ಜೊತೆಗೆ ಎಷ್ಟೋ ಜನರಿಗೆ ಬದುಕಿಡೀ ಇದ್ದದ್ದು ಒಂದೋ ಎರಡೋ ಫೋಟೋ. ಇರುವ ಒಂದರಲ್ಲಿ ಹಲ್ಲು ಕಿರಿಯಲು ಯಾರಿಗೆ ಇಷ್ಟ, ಅಲ್ವಾ?

ಪ್ರಶ್ನೆ: ಕಂದು ಬಣ್ಣ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಲೇ?

ಉತ್ತರ: ಸ್ಕ್ಯಾನ್ ಮಾಡಿದ ಪ್ರತಿಯ ಮೇಲೆ ಏನು ಬೇಕಾದರೂ ಮಾಡಿ. ಆದರೆ ಆ ಬಟ್ಟೆಯ ಬಣ್ಣ ಕಂಪ್ಯೂಟರಿನ ಊಹೆ ಅನ್ನುವುದು ನೆನಪಿರಲಿ. ಕಂದೆಲ್ಲ ಹಾಳಾದ ಗುರುತೂ ಅಲ್ಲ. ಮೊಟ್ಟೆಯ ಬಿಳಿ ಲೋಳೆ ಬಳಿದ ಆಗಿನ ಫೋಟೋ ಕಾಗದ ಕಾಲ ಕಳೆದಂತೆ ಹಳದಿಯಾಗುತ್ತದೆ ನಿಜ. ಇನ್ನು ಕೆಲವನ್ನು ಬೇಕೆಂದೇ ಕಂದು ಮಾಡುತ್ತಿದ್ದರು. ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ, ಆ ಬೆಳ್ಳಿಯನ್ನು ಬೆಳ್ಳಿಯ ಸಲ್ಫೈಡ್ ಆಗಿ ಬದಲಾಯಿಸಿದರೆ ಚಿತ್ರ ಜಾಸ್ತಿ ದಿನ ಬಾಳುತ್ತದೆ. ಕಪ್ಪು ಜಾಗಗಳಲ್ಲಿ ನೀಲಿ ಛಾಯೆಯ ಹೊಳಪು ಕಂಡರೆ ಅದು ಧೂಳಲ್ಲ, ಮೇಲೆದ್ದು ಬಂದ ಬೆಳ್ಳಿ. ಉಜ್ಜಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಿ ಒಬ್ಬರ ಅರ್ಧ ಗಲ್ಲವನ್ನೇ ಅಳಿಸಿದವನು ನಾನು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಟೇಪ್ ಅಂಟಿಸಬೇಡಿ, ಅಂಚಷ್ಟೇ ಹಿಡಿಯಿರಿ, ಬಿಸಿಲು ಬೀಳುವ ಗೋಡೆಗೆ ಬೇಕಿದ್ದರೆ ಪ್ರತಿಯನ್ನು ತೂಗುಹಾಕಿ.

ಅಂದಹಾಗೆ, ಹಿಂಬದಿ ನೋಡಿದಿರಾ? ಏನೂ ಬರೆದಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಅವರ ಹೆಸರು ಬರೆದುಬಿಡಿ. ಈ ವಾರವೇ.