ಓದುಗರ ಪ್ರಶ್ನೆ: 303ರ ಕೇಸ್ ತುಂಡಾಗುವುದೇಕೆ?

ಪ್ರಶ್ನೆ: ಕೆನಡಾದಲ್ಲಿರುವ ನನ್ನ ಭಾವ 303 ತೋಟೆಯ ಲೀ-ಎನ್‌ಫೀಲ್ಡ್ ನಂ. 4 ರೈಫಲಿನ ಖಾಲಿ ಕೇಸ್‌ಗಳಿಗೆ (ತೋಟೆಯ ಹಿತ್ತಾಳೆ ಕೊಳವೆಗಳಿಗೆ) ತಾವೇ ಮದ್ದು ತುಂಬಿ ಕ್ಲಬ್ಬಿನಲ್ಲಿ ಹೊಡೆಯುತ್ತಾರೆ. ಮೂರ್ನಾಲ್ಕು ಸಲಕ್ಕೇ ಕೇಸ್ ಬುಡದ ಬಳಿ ತುಂಡಾಗುತ್ತದೆ. ಅವರ 308 ರೈಫಲಿನಲ್ಲಿ ಹೀಗಾಗುವುದಿಲ್ಲ. ಮದ್ದು ಹೆಚ್ಚಾಯಿತೇ?
– ಓದುಗರು, ಕುಂದಾಪುರ

ಉತ್ತರ: ಮದ್ದಿನ ತಪ್ಪಲ್ಲ, ಜಾಗದ ತಪ್ಪು. 1888ರ 303 ತೋಟೆ ಚೇಂಬರಿನಲ್ಲಿ (ನಳಿಕೆಯ ಹಿಂತುದಿಯ ತೋಟೆಗೂಡಿನಲ್ಲಿ) ನಿಲ್ಲುವುದು ಬುಡದ ಅಂಚಿನ ಆಧಾರದಲ್ಲಿ. ಯುದ್ಧದ ಕೆಸರಿನಲ್ಲೂ ತೋಟೆ ಸಲೀಸಾಗಿ ಒಳಹೋಗಲೆಂದು ಚೇಂಬರನ್ನು ಸಡಿಲವಾಗಿಯೇ ಕೊರೆದರು. ತೋಟೆಯ ಹಿಂದೆ ಚೇಂಬರನ್ನು ಮುಚ್ಚುವ ಉಕ್ಕಿನ ಸರಳಾದ ಬೋಲ್ಟಿನ ಬೀಗವೂ ಹಿಂಬದಿಯಲ್ಲಿರುವುದರಿಂದ ಹೊಡೆತಕ್ಕೆ ಬೋಲ್ಟ್ ಸ್ವಲ್ಪ ಹಿಂದಕ್ಕೆ ಅದುಮಿಕೊಳ್ಳುತ್ತದೆ. ಕೇಸಿನ ಮುಂಭಾಗ ಚೇಂಬರಿಗೆ ಅಂಟಿಕೊಳ್ಳುತ್ತದೆ, ಬುಡ ಹಿಂದೆ ಸರಿಯುತ್ತದೆ, ನಡುವಿನ ಹಿತ್ತಾಳೆ ತೆಳುವಾಗುತ್ತದೆ. 308 ನಿಲ್ಲುವುದು ಭುಜದ ಮೇಲೆ, ಅಂದರೆ ಕೇಸ್ ಕುತ್ತಿಗೆಯತ್ತ ಕಿರಿದಾಗುವ ಇಳಿಜಾರಿನ ಮೇಲೆ. ಅದರ ರೈಫಲುಗಳ ಬೀಗ ಸಾಮಾನ್ಯವಾಗಿ ಬೋಲ್ಟಿನ ಮುಂತುದಿಯಲ್ಲಿ. ಒತ್ತಡ ಹೆಚ್ಚಿದ್ದರೂ ಕೇಸಿಗೆ ಹಿಗ್ಗಲು ಜಾಗವಿಲ್ಲ.

ಫುಲ್ ಲೆಂಗ್ತ್ ಡೈಯಲ್ಲಿ (ಇಡೀ ಕೇಸನ್ನು ಮೂಲ ಅಳತೆಗೆ ಒತ್ತುವ ಅಚ್ಚಿನಲ್ಲಿ) ಪ್ರತಿ ಸಲ ಭುಜವನ್ನು ಹಿಂದೆ ತಳ್ಳುವುದೇ ಕೇಸಿಗೆ ಮುಳುವು. ಒಮ್ಮೆ ಹೊಡೆದ ಕೇಸ್ ಆ ಚೇಂಬರಿನ ಅಳತೆಗೇ ಹಿಗ್ಗಿರುತ್ತದೆ. ಹಾಗೇ ಬಿಟ್ಟು ಕುತ್ತಿಗೆಯನ್ನು ಮಾತ್ರ ಬಿಗಿ ಮಾಡಲಿ. ಬೋಲ್ಟ್ ಮುಚ್ಚಲು ಗಟ್ಟಿಯಾದಾಗ ಮಾತ್ರ ಭುಜವನ್ನು ಚೂರೇ ಚೂರು ಹಿಂದಕ್ಕೆ. ಆ ಕೇಸ್‌ಗಳು ಅದೇ ರೈಫಲಿಗೆ ಮೀಸಲು. ಹೊಸ ಕೇಸಿನ ಮೊದಲ ಹೊಡೆತಕ್ಕೆ ಅಂಚಿನ ಮುಂದೆ ತೆಳ್ಳಗಿನ ರಬ್ಬರ್ ರಿಂಗ್ ತೊಡಿಸಿದರೆ ಬುಡ ಬೋಲ್ಟಿಗೆ ಒತ್ತಿಕೊಂಡಿರುತ್ತದೆ. ಇದು ಅಗ್ಗದ, ನಿಜಕ್ಕೂ ಕೆಲಸಕ್ಕೆ ಬರುವ ಉಪಾಯ.

ತುಂಬುವ ಮುನ್ನ ತುದಿ ಬಗ್ಗಿಸಿದ ಸಣ್ಣ ತಂತಿಯಿಂದ ಕೇಸಿನ ಒಳಗೋಡೆಯನ್ನು ಬುಡದಿಂದ ಮೇಲಕ್ಕೆ ಸವರಿ ನೋಡಲಿ. ತಂತಿ ಎಲ್ಲಾದರೂ ಗೀರಿಗೆ ಸಿಕ್ಕರೆ ಆ ಕೇಸ್ ಗುಜರಿಗೆ. ಹೊರಗೆ ಹೊಳೆಯುವ ಉಂಗುರ ಕಂಡರೂ ಅಷ್ಟೇ. ಹೆಡ್‌ಸ್ಪೇಸನ್ನು, ಅಂದರೆ ಬೋಲ್ಟಿನ ಮುಖಕ್ಕೂ ತೋಟೆಯ ಅಂಚು ಆನುವ ಜಾಗಕ್ಕೂ ನಡುವಿನ ಅಂತರವನ್ನು, ಗೇಜಿನಿಂದ ಅಳೆಸಲಿ: ಬ್ರಿಟಿಷ್ ಸೇನೆ ಒಪ್ಪುತ್ತಿದ್ದುದು 0.064ರಿಂದ 0.074 ಇಂಚು. ಮೀರಿದ್ದರೆ ನಂ. 4ರಲ್ಲಿ ಬೋಲ್ಟ್ ಹೆಡ್ (ಬೋಲ್ಟಿನ ಬಿಚ್ಚಬಹುದಾದ ಮುಂತುದಿ) ಬದಲಿಸಬಹುದು. ಉದ್ದಕ್ಕೆ ತಕ್ಕಂತೆ 0ರಿಂದ 3ರವರೆಗೆ ನಂಬರುಗಳಿವೆ.

ಇನ್ನೆರಡು ಮಾತು. 308ರ ಗುಂಡು 303ಕ್ಕೆ ಸಣ್ಣದು; ಬೇಕಾದದ್ದು 0.311 ಅಥವಾ 0.312 ಇಂಚಿನದು. ಪ್ರೈಮರ್ ಎಂದರೆ ಮದ್ದಿಗೆ ಕಿಡಿ ಕೊಡುವ ಬುಡದ ಪುಟ್ಟ ಬಟ್ಟಲು. ಹಳೆಯ ಮಿಲಿಟರಿ ಕೇಸ್ ಬರ್ಡಾನ್ ಪ್ರೈಮರಿನದ್ದಾದರೆ ಬುಡದಲ್ಲಿ ಎರಡು ತೂತು, ನಡುವೆ ತೂತಿಲ್ಲ. ಹಳೆಯ ಪ್ರೈಮರನ್ನು ತಳ್ಳುವ ಡೈಯ ಪಿನ್ ಅಲ್ಲೇ ಮುರಿಯುತ್ತದೆ. ನಡುವೆ ಒಂದೇ ತೂತಿರುವ ಬಾಕ್ಸರ್ ಪ್ರೈಮರಿನ ಕೇಸ್ ಕೊಳ್ಳುವುದೇ ಲೇಸು.

ಪ್ರಶ್ನೆ: ನಮ್ಮಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ 315 ರೈಫಲ್ ಇದೆ. ಖಾಲಿ ಕೇಸ್ ಮನೆಯಲ್ಲೇ ತುಂಬಬಹುದೇ? ಚರ್ಮದ ಪಟ್ಟಿಯಲ್ಲಿಟ್ಟ ತೋಟೆಗಳಿಗೆ ಹಸಿರು ಹಿಡಿದಿದೆ.
– ಓದುಗರು, ಬಂಟ್ವಾಳ

ಉತ್ತರ: ತುಂಬಬೇಡಿ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತೋಟೆ ತಯಾರಿಸುವ ಲೈಸೆನ್ಸ್ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಎರಡನೆಯದನ್ನು ಕೇಳುತ್ತದೆ.

ಹಸಿರಿಗೆ ಕಾರಣ ಚರ್ಮ ಹದ ಮಾಡಿದ ಆಮ್ಲ. ನಮ್ಮ ಮಳೆಗಾಲದ ತೇವ ಅದಕ್ಕೆ ಜೊತೆ. ತೋಟೆಗಳನ್ನು ಪಟ್ಟಿಯಿಂದ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಎಣ್ಣೆ ಹಚ್ಚಬೇಡಿ; ಅದು ಪ್ರೈಮರಿಗೆ ಇಳಿದರೆ ತೋಟೆ ಠುಸ್ಸಾಗುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒರೆಸಿದ ಮೇಲೂ ಹಿತ್ತಾಳೆಯಲ್ಲಿ ಗುಳಿ ಉಳಿದಿದ್ದರೆ ಆ ತೋಟೆ ಹೊಡೆಯದೆ ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಗೆ ತೋರಿಸಿ.