ಎರಡನೇ ಗಾಡಿಯೋ, ಎರಡನೇ ಡ್ರೈವರೋ

ದೀಪಾವಳಿ ಮುಗಿದ ವಾರ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ನಾನು ಆಪ್ತಸಲಹೆ ಕೊಡುವ ಕೋಣೆಗೆ ಒಬ್ಬ ತಾಯಿ ಬಂದರು. ಮಗ ಇಪ್ಪತ್ತು ದಿನದಿಂದ ಮನೆಯವರ ಜೊತೆ ಊಟಕ್ಕೆ ಕೂರುತ್ತಿಲ್ಲ, ಅಪ್ಪನ ಜೊತೆ ಮಾತಿಲ್ಲ, ತಾಟು ತಗೊಂಡು ಮಾಳಿಗೆ ಮೇಲೆ ಹೋಗುತ್ತಾನೆ ಎಂದರು. ಏನಾಗಿದೆ ಎಂದು ಕೇಳಿದೆ.

"ಜಿಪ್ಸಿ ಆಗ್ಯಾದ್ರಿ" ಅಂದರು. ಯಾವುದೋ ಜಡ್ಡಿನ ಹೆಸರು ಹೇಳಿದ ಹಾಗಿತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ಗುರುತು ಸಿಗದ ಹಾಗೆ ಕೆಲಸ, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹಣದ ಲೆಕ್ಕವನ್ನು ಮಾತ್ರ ಮುಟ್ಟಿಲ್ಲ, ಯಾಕೆಂದರೆ ಈ ಪ್ರಕರಣದ ಅರ್ಧ ಜೀವ ಅದರಲ್ಲೇ ಇದೆ.

ಹುಡುಗನಿಗೆ ಇಪ್ಪತ್ತಾರು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಕೈಗೆ 38,000 ಬರುತ್ತದೆ. ಮನೆಗೆ 12,000 ಕೊಡುತ್ತಾನೆ. ಮೂರು ವರ್ಷದ ಹಿಂದೆ ತೆಗೆದುಕೊಂಡ ಸ್ವಿಫ್ಟ್‌ಗೆ ತಿಂಗಳಿಗೆ 8,400 ಕಂತು, ಇನ್ನೂ ಎರಡು ವರ್ಷ ಬಾಕಿ. ಈಗ ಅವನಿಗೆ ಶನಿವಾರ, ಐತವಾರ ತಿರುಗಾಡಲು ಹಳೆಯ ಮಾರುತಿ ಜಿಪ್ಸಿ ಜೀಪು ಬೇಕು. ಹೈದರಾಬಾದಿನಲ್ಲಿ ಒಂದನ್ನು ನೋಡಿ ಬಂದಿದ್ದ. 2009ರ ನೋಂದಣಿ, ಎಪಿ ನಂಬರು, ಮಾರುವವನು ಹೇಳಿದ ಬೆಲೆ 3,40,000. ಅವನ ಹತ್ತಿರ ಇದ್ದದ್ದು ಒಂದೂವರೆ ಲಕ್ಷ.

ಮೊದಲ ದಿನ ಅವನು ಒಬ್ಬನೇ ಬಂದ. ನಾನು ನನ್ನ ವೃತ್ತಿಯವರೆಲ್ಲ ಮಾಡುವ ತಪ್ಪನ್ನೇ ಮಾಡಿದೆ: ಗಾಡಿಯ ಹಿಂದೆ ಬೇರೇನೋ ಇರಬೇಕೆಂದು ಹುಡುಕಲು ಹೊರಟೆ. ಮನೆಯಲ್ಲಿ ಉಸಿರು ಕಟ್ಟುತ್ತಿದೆಯಾ, ಓರಗೆಯವರ ಎದುರು ಸಣ್ಣವನಾದೆ ಅನ್ನಿಸುತ್ತಿದೆಯಾ ಎಂದೆಲ್ಲ ಕೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, "ಮೇಡಂ, ನಂಗ ಗಾಡಿ ಅಂದ್ರ ಖುಷಿ. ಅದು ತಪ್ಪೇನ್ರಿ?" ಅಂದ. ತಪ್ಪಲ್ಲ. ನಾನು ಪೆನ್ನು ಕೆಳಗಿಟ್ಟೆ. ಅಲ್ಲಿಂದ ಇಪ್ಪತ್ತು ನಿಮಿಷ ಅವನೇ ಮಾತಾಡಿದ. 1985ರಲ್ಲಿ ಬಂದದ್ದು, ಮಿಲಿಟರಿಯವರು ವರ್ಷಾನುಗಟ್ಟಲೆ ಓಡಿಸಿದ್ದು, ಮುಂದೆ ಹಿಂದೆ ಎರಡೂ ಕಡೆ ಲಾರಿಯಂತೆ ಪಟ್ಟೆ ಸ್ಪ್ರಿಂಗು, 1,298 ಸಿಸಿ ಪೆಟ್ರೋಲ್ ಇಂಜಿನ್, ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಳೆತ. ಚಿಂಚೋಳಿಯ ಎತ್ತಿಪೋತ ಜಲಪಾತ, ಚಂದ್ರಂಪಳ್ಳಿ ಜಲಾಶಯದ ದಂಡೆ, ಸನ್ನತಿ, ಬೀದರ್ ಕೋಟೆ, ಇವೆಲ್ಲ ಅವನ ಪಟ್ಟಿಯಲ್ಲಿದ್ದವು. ಚಿಂಚೋಳಿಯದು ವನ್ಯಧಾಮ, ಫೋರ್-ವೀಲ್ ಇದೆ ಅಂತ ಒಳಗೆ ನುಗ್ಗಲಾಗದು ಎಂದೆ. ಗೊತ್ತು ಅಂದ. ಏಸಿ ಇಲ್ಲದ ಗಾಡಿಯಲ್ಲಿ ಕಲಬುರಗಿಯ ಮೇ ತಿಂಗಳು ಎಂದದ್ದಕ್ಕೆ ನಕ್ಕ. ಅದೂ ಗೊತ್ತಿತ್ತು.

ಆಸೆಯನ್ನು ಅಳೆಯಲು ನನ್ನ ಬಳಿ ಉಪಕರಣವಿಲ್ಲ. ರಜೆಯನ್ನು ಅಳೆಯಬಹುದು. ಕಳೆದ ಇಪ್ಪತ್ತಾರು ವಾರದ ರಜೆಗಳಲ್ಲಿ ಏನೇನು ಮಾಡಿದೆ ಎಂದು ಬರೆದುಕೊಂಡು ಬಾ ಅಂದೆ. ಮೊಬೈಲಿನ ಫೋಟೋ, ಪೆಟ್ರೋಲ್ ಬಿಲ್ಲು, ಡ್ಯೂಟಿ ಚಾರ್ಟು ನೋಡಿ ಬರೆಯಬೇಕು, ನೆನಪಿನಿಂದಲ್ಲ.

ಬರೆದು ತಂದ. ಮೊದಲು ಬಿದ್ದುಹೋದದ್ದು "ವಾರಾಂತ್ಯ" ಎಂಬ ಪದವೇ. ಪಾಳಿ ಕೆಲಸದವನಿಗೆ ರಜೆ ಒಮ್ಮೆ ಬುಧವಾರ, ಒಮ್ಮೆ ಸೋಮವಾರ. ಐತವಾರ ಸಿಕ್ಕಿದ್ದು ಕಡಿಮೆ, ಶನಿವಾರ ಐತವಾರ ಎರಡೂ ಕೂಡಿ ಸಿಕ್ಕಿದ್ದು ಒಮ್ಮೆಯೂ ಇಲ್ಲ. ಇಪ್ಪತ್ತಾರರಲ್ಲಿ ಆರು ದಿನ ರಾತ್ರಿ ಪಾಳಿಯ ನಿದ್ದೆ. ಐದು ದಿನ ಮನೆಯಲ್ಲೇ. ನಾಲ್ಕು ದಿನ ಗೆಳೆಯರ ಜೊತೆ. ಒಂಬತ್ತು ದಿನ ಮನೆಯವರನ್ನು ಕೂರಿಸಿಕೊಂಡು ಓಡಾಡಿದ್ದು: ಹುಣ್ಣಿಮೆಗೆ ಸೋದರತ್ತೆಯನ್ನು ಗಾಣಗಾಪುರಕ್ಕೆ, ಅಪ್ಪನ ಕಣ್ಣು ತೋರಿಸಲು ಸೊಲ್ಲಾಪುರಕ್ಕೆ, ಮದುವೆ, ಕುಬಸ, ತೊಟ್ಟಿಲು. ತನಗೆ ಬೇಕೆಂದ ಕಡೆ ಒಬ್ಬನೇ ಹೋದದ್ದು ಎರಡೇ ದಿನ.

ಆಮೇಲೆ ನಾನು ಕೇಳಬೇಕಾಗಿದ್ದ ಪ್ರಶ್ನೆ ತಡವಾಗಿ ಹೊಳೆಯಿತು. ಕೆಲಸಕ್ಕೆ ಯಾವುದರಲ್ಲಿ ಹೋಗುತ್ತೀ?

"ಕಂಪನಿ ಬಸ್ಸಿನ್ಯಾಗ್ರಿ. ಸ್ಟಾಪಿನ ತನಕ ಬೈಕ್."

ಅಂದರೆ ಸ್ವಿಫ್ಟ್ ವಾರದ ಆರು ದಿನ ಅಂಗಳದಲ್ಲಿ ನಿಂತೇ ಇರುತ್ತದೆ. ಅವನ ಹತ್ತಿರ ರಜೆಯ ದಿನದ ಕಾರು ಈಗಾಗಲೇ ಒಂದಿದೆ! ಅದನ್ನು ಹೇಳಿದಾಗ ಹುಡುಗ ಒಂದು ಗಳಿಗೆ ಸುಮ್ಮನಿದ್ದು, "ಅದು ಮನಿ ಗಾಡಿ ಆಗಿಬಿಟ್ಟದ್ರಿ" ಅಂದ. ಕಂತು ಅವನದು, ಹೆಸರು ಅವನದು, ಡಿಕ್ಕಿಯಲ್ಲಿ ಇರುವುದು ಅತ್ತೆಯ ಬುತ್ತಿ ಚೀಲ. ಬೇಡ ಅನ್ನುವುದು ಹೇಗೆ? ಅಪ್ಪನಿಗೆ ಗಾಡಿ ಹೊಡೆಯಲು ಬರುವುದಿಲ್ಲ, ಅವ್ವನಿಗಂತೂ ಇಲ್ಲ, ಡಿಗ್ರಿ ಓದುವ ತಂಗಿ ಸ್ಕೂಟಿ ಬಿಟ್ಟು ಮೇಲೆ ಹೋಗಿಲ್ಲ. ಜಿಪ್ಸಿ ಬಂದರೆ ಅದರಲ್ಲಿ ಅತ್ತೆ ಹತ್ತುವುದಿಲ್ಲ, ಎತ್ತರ ಜಾಸ್ತಿ. ಇದನ್ನು ಅವನು ನಗುತ್ತಲೇ ಹೇಳಿದ, ಆದರೆ ಲೆಕ್ಕ ಹಾಕಿಯೇ ಹೇಳಿದ್ದು.

ಎರಡನೇ ವಾರ ಅಪ್ಪ ಬಂದರು. ನಿವೃತ್ತ ಮಾಸ್ತರು, ಆಳಂದ ಕಡೆಯ ಹಳ್ಳಿ ಶಾಲೆಗೆ ಇಪ್ಪತ್ತು ವರ್ಷ ಸೈಕಲ್ ತುಳಿದವರು. "ಕಾಲು ಎರಡೇ ಅವ ಮೇಡಂ, ಚಪ್ಪಲಿ ನಾಕ ಜೋಡಿ ಯಾಕ?" ಎಂದು ಶುರು ಮಾಡಿದರು. ನಾನು ಚಪ್ಪಲಿಯ ವಾದಕ್ಕೆ ಹೋಗಲಿಲ್ಲ. ಮಗ ಬರೆದ ಕಾಗದವನ್ನು, ಅವನ ಒಪ್ಪಿಗೆಯ ಮೇಲೆ, ಅವರ ಮುಂದೆ ಇಟ್ಟೆ. ಮಾಸ್ತರು ತಪ್ಪು ತಿದ್ದುವವರ ಹಾಗೆ ಬೆರಳಿಟ್ಟು ಓದಿದರು. ಒಂಬತ್ತು ಎಂಬ ಅಂಕಿಯ ಮೇಲೆ ಬೆರಳು ನಿಂತಿತು. "ನಾವ್ ಇಷ್ಟು ಸಲ ಕರ್ಕೊಂಡು ಹೋಗಂದೇವೇನ್ರಿ?" ಅಂದರು.

ನನ್ನ ಸಲಹೆ ಆ ದಿನ ಒಂದು ಸಾಲಿನದು: ಈ ಮನೆಗೆ ಕಡಿಮೆ ಇರುವುದು ಎರಡನೇ ಗಾಡಿಯಲ್ಲ, ಎರಡನೇ ಡ್ರೈವರು. ತಂಗಿಗೆ ಕಲಿಸಿ. ಕಲಿಕಾ ಲೈಸೆನ್ಸ್ ತೆಗೆದು ಮೂವತ್ತು ದಿನ ಕಳೆದರೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಲೈಸೆನ್ಸ್ ಇರುವ ಯಾರೇ ಮಾಲೀಕನ ಒಪ್ಪಿಗೆಯಿಂದ ಓಡಿಸಿದರೂ ವಿಮೆ ನಡೆಯುತ್ತದೆ. ಸೊಲ್ಲಾಪುರದಂಥ ದೂರದ ದಾರಿಗೆ ದಿನಗೂಲಿಯ ಡ್ರೈವರನ್ನು ಕರೆಯಿರಿ. ಮಾಸ್ತರಿಗೆ ಮಗಳ ವಿಷಯ ಕೂಡಲೇ ಒಗ್ಗಲಿಲ್ಲ. ವಾರವಾದ ಮೇಲೆ ತಾವೇ ಡ್ರೈವಿಂಗ್ ಸ್ಕೂಲಿಗೆ ಹೋಗಿ ಹಣ ಕಟ್ಟಿ ಬಂದರಂತೆ.

ಹುಡುಗನಿಗೆ ಬೇರೆ ಪಾಠ ಕೊಟ್ಟೆ. ಒಂದೂವರೆ ಲಕ್ಷ ಹೋದರೆ ಸಾಲ 1,90,000. ಹದಿನೈದು ವರ್ಷ ದಾಟಿದ ಗಾಡಿಗೆ ಬ್ಯಾಂಕಿನವರು ಸುಲಭಕ್ಕೆ ಕೈ ಹಾಕುವುದಿಲ್ಲ. ಖಾಸಗಿ ಫೈನಾನ್ಸಿನಲ್ಲಿ ಅವನಿಗೆ ಹೇಳಿದ್ದು ಶೇ. 18. ಮೂರು ವರ್ಷಕ್ಕೆ ತಿಂಗಳಿಗೆ 6,900ರ ಹತ್ತಿರ ಬರುತ್ತದೆ. ವಿಮೆ, ಟೈರು, ಬ್ಯಾಟರಿ, ಸರ್ವಿಸು ಸೇರಿ ಇನ್ನೆರಡು ಸಾವಿರ ಅನ್ನಿ. ಒಟ್ಟು 9,000. ಇಲ್ಲದ ಗಾಡಿಗೆ ಆರು ತಿಂಗಳು ಕಂತು ಕಟ್ಟು ಅಂದೆ. ಆರ್‌ಡಿ ಖಾತೆ ತೆರೆದು, ತಿಂಗಳ ಐದನೇ ತಾರೀಖಿಗೆ 9,000 ಹಾಕಬೇಕು. ಒಂದೂ ತಪ್ಪದಿದ್ದರೆ ಗಾಡಿ ಸಾಕಬಲ್ಲೆ ಎಂದರ್ಥ, ಸಾಲವೂ 54,000ದಷ್ಟು ಕಡಿಮೆಯಾಗುತ್ತದೆ. ತಪ್ಪಿದರೆ ಫೈನಾನ್ಸಿನವರು ಬಾಗಿಲಿಗೆ ಬರುವ ಬದಲು ಪಾಸ್‌ಬುಕ್ಕು ಮಾತ್ರ ಹೇಳುತ್ತದೆ.

ಅಷ್ಟು ಹೇಳಿ ನಾನು ಒಳಗೊಳಗೇ ಬೀಗಿದ್ದೆ. ಡ್ರೈವರ್ ಸಿಕ್ಕಮೇಲೆ ಜಿಪ್ಸಿ ತಾನೇ ಇಳಿದುಹೋಗುತ್ತದೆ ಅಂದುಕೊಂಡಿದ್ದೆ.

ಆಗಲಿಲ್ಲ. ಶರಣಬಸವೇಶ್ವರ ಜಾತ್ರೆಗೆ ಮುಂಚೆ ಹುಡುಗ ಮತ್ತೆ ಬಂದ, ಈ ಸಲ ಮುಖದಲ್ಲಿ ಗೆದ್ದವನ ಕಳೆ. ಫೆಬ್ರುವರಿಯ ಹುಣ್ಣಿಮೆಗೆ ತಂಗಿಯೇ ಅತ್ತೆಯನ್ನು ಕರೆದುಕೊಂಡು ಗಾಣಗಾಪುರಕ್ಕೆ ಹೋಗಿದ್ದಳು. ಹುಡುಗನಿಗೂ ಅವತ್ತೇ ರಜೆ. "ಈಗ ಹೇಳ್ರಿ ಮೇಡಂ. ಮನ್ಯಾಗ ಡ್ರೈವರ್ ಎರಡಾದ್ವು. ಗಾಡಿ ಒಂದೇ. ಗಾಡಿ ಅಕಿ ತಗೊಂಡು ಹೋದಳು, ನಾ ಬಾಗಲಾಗ ಕುಂತೆ."

ನನ್ನ ಉತ್ತರವನ್ನು ಅವನು ನನಗೇ ತಿರುಗಿಸಿದ್ದ. ಸರಿ ಎಂದು ಒಪ್ಪಿದೆ. ಇಂಥ ಕಡೆ ಸಲಹೆಗಾರರು ಗಂಭೀರ ಮುಖ ಮಾಡಿ ಇನ್ನೊಂದು ಪ್ರಶ್ನೆ ಕೇಳುವುದುಂಟು, ನಾನೂ ಮಾಡಿದ್ದೇನೆ, ಅವತ್ತು ಮಾಡಲಿಲ್ಲ.

ಹಾಗಾದರೆ ಕೊಳ್ಳುವುದನ್ನೇ ಮಾತಾಡೋಣ ಎಂದು ಕೂತೆವು. ಬಾಡಿಗೆ ಗಾಡಿ ಒಂದು ದಾರಿ, ಆದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುವುದೇ ಆಗಬೇಕು. ಗೆಳೆಯನೊಬ್ಬ ತನ್ನ ಬಿಳಿ ಬೋರ್ಡಿನ ಥಾರ್ ಅನ್ನು ದಿನಕ್ಕೆ ಇಷ್ಟು ಅಂತ ಕೊಡುತ್ತೇನೆ ಅಂದಿದ್ದನಂತೆ, ಅದನ್ನು ಮುಟ್ಟಬೇಡ ಅಂದೆ. ದುಡ್ಡಿಗೆ ಕೊಟ್ಟ ಖಾಸಗಿ ಗಾಡಿ ಯಾರಿಗಾದರೂ ಬಡಿದರೆ ವಿಮೆಯವರು ಕೈ ಎತ್ತಲು ಅದೊಂದು ಸಾಕು. ಸ್ನೇಹವೂ ಅದರ ಜೊತೆಗೇ ಹೋಗುತ್ತದೆ. ಜಿಪ್ಸಿ ಕೊಂಡರೆ ಬಾಡಿಗೆಗೆ ಬಿಟ್ಟು ಕಂತು ತೀರಿಸುತ್ತೇನೆ ಎಂಬ ಅವನ ಒಳ ಯೋಜನೆಯೂ ಆ ಮಾತಿನಲ್ಲೇ ಹೊರಬಿತ್ತು, ಅಲ್ಲೇ ಮುಗಿಯಿತು.

ಹೈದರಾಬಾದಿನ ಆ ಗಾಡಿಯ ಕಾಗದವನ್ನು ಮೊಬೈಲಿನಲ್ಲಿ ತೋರಿಸಿದ. ಮಾರುವವನು "ಪೇಪರ್ ಕ್ಲಿಯರ್" ಅಂದಿದ್ದ. ನೋಂದಣಿಯ ಹದಿನೈದು ವರ್ಷ ಮುಗಿದಿತ್ತು! ಹಾಗಾದ ಕಾರಿಗೆ ಫಿಟ್ನೆಸ್ ಪರೀಕ್ಷೆ ಪಾಸಾಗಬೇಕು, ನವೀಕರಣ ಐದು ವರ್ಷಕ್ಕೆ ಮಾತ್ರ ಸಿಗುತ್ತದೆ, ಅದರ ಶುಲ್ಕ 2022ರಲ್ಲಿ 600ರಿಂದ 5,000ಕ್ಕೆ ಏರಿತು. ಜೊತೆಗೆ ಬೇರೆ ರಾಜ್ಯದ ಗಾಡಿ: ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಎಂಬ ಆಕ್ಷೇಪಣೆ ಇಲ್ಲದ ಪತ್ರ, ಇಲ್ಲಿ ಕರ್ನಾಟಕದ ತೆರಿಗೆ, ಕಲಬುರಗಿಯ ಕೆಎ-32 ನಂಬರು, ಎಲ್ಲ ಹನ್ನೆರಡು ತಿಂಗಳೊಳಗೆ. ಇದನ್ನೆಲ್ಲ ಮಾರುವವನು ಮಾಡಿಕೊಟ್ಟ ಮೇಲೆ ಹಣ ಕೊಡು, ಅವನು ಒಪ್ಪದಿದ್ದರೆ ಅದೇ ಉತ್ತರ ಅಂದೆ. ಫೋನ್ ಮಾಡಿದ. ಅತ್ತ ಕಡೆಯವನು ಮತ್ತೊಬ್ಬ ಗಿರಾಕಿ ಬಂದಿದ್ದಾನೆ ಅಂದನಂತೆ. ಹೈದರಾಬಾದ್ ಜಿಪ್ಸಿಯ ಕಥೆ ಅಲ್ಲಿಗೆ ಬಿತ್ತು. ಇನ್ನು ಕೆಎ-32 ಅಥವಾ ಬೀದರಿನ ಕೆಎ-38 ಗಾಡಿಯನ್ನೇ ಹುಡುಕು ಎಂಬುದು ನನ್ನ ಸಲಹೆ. ಗಾಡಿ ನೋಡಲು ಹೋದಾಗ ಬಣ್ಣಕ್ಕಿಂತ ಮೊದಲು ಟೈರಿನ ಪಕ್ಕದ ನಾಲ್ಕು ಅಂಕಿ ನೋಡು ಅಂದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹಲ್ಲು ಉಳಿದ ಟೈರೂ ಹತ್ತು ವರ್ಷದ್ದಾದರೆ ನಮ್ಮ ಬಿಸಿಲಿನ ಡಾಂಬರಿಗೆ ಕೆಲಸಕ್ಕೆ ಬಾರದು. ಮೆಕ್ಯಾನಿಕ್ ನಿನ್ನ ಪರಿಚಯದವನಿರಲಿ, ಮಾರುವವನ ಪರಿಚಯದವನಲ್ಲ.

ನಿಲ್ಲಿಸಿ ಇಡುವ ಗಾಡಿಗೆ ಖರ್ಚಿಲ್ಲ ಎಂಬ ನಂಬಿಕೆ ಅವನಿಗೂ ಇತ್ತು. ಬ್ಯಾಟರಿ ನಿಂತಲ್ಲೇ ಇಳಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಇಲಿ ವೈರು ಕಡಿಯುತ್ತದೆ. ಆಯಿಲ್ ಓಡಿದರೂ ಓಡದಿದ್ದರೂ ವರ್ಷಕ್ಕೊಮ್ಮೆ ಬದಲು. ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಕಡ್ಡಾಯ, 1,000ದಿಂದ 1,500 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದದ್ದು ವರ್ಷಕ್ಕೆ 3,416, ತೆರಿಗೆ ಬೇರೆ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 2,000 ದಂಡ. ಉಳಿಸುವ ಜಾಗವೂ ಒಂದಿದೆ: ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ ಸ್ವಿಫ್ಟ್ ಜೊತೆಗೇ ಇದ್ದರೆ ಜಿಪ್ಸಿಗೆ ಮತ್ತೆ ಕೊಳ್ಳಬೇಕಿಲ್ಲ. ಇದನ್ನು ಏಜೆಂಟರು ತಾವಾಗಿ ಹೇಳುವುದು ಕಡಿಮೆ. ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ಗಾಡಿಯಲ್ಲಿ ಬೀದರಿಗೆ ಹೋಗಿಬಂದರೆ ಪೆಟ್ರೋಲಿಗೇ ಎರಡು ಸಾವಿರದ ಮೇಲೆ. ಏರ್‌ಬ್ಯಾಗ್ ಇಲ್ಲದ ಗಾಡಿ ಎಂಬುದನ್ನೂ ಹೇಳಿದೆ. ರಾತ್ರಿ ಪಾಳಿ ಇಳಿದ ಬೆಳಿಗ್ಗೆ ಅದರ ಕೀಲಿ ಮುಟ್ಟಬಾರದು ಎಂಬ ಒಂದು ಷರತ್ತಿನಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಕಾಗದದ ಮೇಲೆ ಬರೆಸಿಕೊಂಡೆ.

ಆರ್‌ಡಿ ಏನಾಯಿತು? ನವೆಂಬರಿನಿಂದ ಏಪ್ರಿಲ್. ಆರರಲ್ಲಿ ನಾಲ್ಕು ಕಂತು ಬಿದ್ದಿವೆ. ಜನವರಿಯಲ್ಲಿ ತಂಗಿಯ ಫೀಸು ಅಡ್ಡ ಬಂತು, ಮಾರ್ಚಿನಲ್ಲಿ ಶರಣಬಸವೇಶ್ವರ ಜಾತ್ರೆಗೆ ಬಂದ ನೆಂಟರು. ಹುಡುಗನ ವಾದ: ನಾಲ್ಕು ಅಂದರೆ ಪಾಸು. ಮಾಸ್ತರ ಮಗನಾದ್ದರಿಂದ ಹಾಗೆ ಅಂದಿರಬೇಕು. ನಾನು ಒಪ್ಪಲಿಲ್ಲ. ಫೀಸೂ ನೆಂಟರೂ ಗಾಡಿ ಬಂದ ಮೇಲೆ ನಿಲ್ಲುವುದಿಲ್ಲವಲ್ಲ. ಮತ್ತೆ ಆರು ತಿಂಗಳು, ಈ ಸಲ ಸತತ. ಅಷ್ಟರಲ್ಲಿ ಸ್ವಿಫ್ಟಿನ ಕಂತೂ ಒಂದಷ್ಟು ಸವೆಯುತ್ತದೆ. ಮುಖ ಸಣ್ಣದು ಮಾಡಿಕೊಂಡ, ಆದರೆ ಮೇ ತಿಂಗಳ ಕಂತು ಕಟ್ಟಿದ ಚೀಟಿ ಮೊಬೈಲಿಗೆ ಕಳಿಸಿದ್ದಾನೆ.

ಊಟ ಈಗ ಕೆಳಗೇ ಮಾಡುತ್ತಾನೆ. ಅಪ್ಪ ಮಗನ ನಡುವೆ ಮಾತು ಪೂರ್ತಿ ಸಲೀಸಾಗಿಲ್ಲ. ಜಿಪ್ಸಿ ಎಂಬ ಪದ ಬಂದಾಗ ಮಾಸ್ತರು ಎದ್ದು ಪೇಪರ್ ಹಿಡಿಯುತ್ತಾರಂತೆ. ಎದ್ದು ಹೊರಗೆ ಹೋಗುವುದಿಲ್ಲ, ಅಷ್ಟು ಸುಧಾರಣೆ.

ಅವ್ವ ಮೊದಲಿನಿಂದಲೂ ಕೇಳುತ್ತಿದ್ದದ್ದು ಒಂದೇ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ: ಗಾಡಿ ಎಲ್ಲಿ ನಿಲ್ಲಿಸುತ್ತೀ? ಸ್ವಿಫ್ಟ್ ನಿಂತ ಮೇಲೆ ಅಂಗಳದಲ್ಲಿ ಉಳಿಯುವುದು ಒಂದು ಮಂಚದಷ್ಟು ಅಗಲದ ಶಹಾಬಾದ್ ಕಲ್ಲಿನ ಪರಸಿ. ಬೇಸಿಗೆಯಲ್ಲಿ ಅದು ಅವರ ಕುರಡಗಿ, ಹಪ್ಪಳದ ಜಾಗ. ಹೋದ ವಾರ ಹುಡುಗ ಸೀಮೆಸುಣ್ಣ ಹಿಡಿದು ಜಿಪ್ಸಿಯ ಅಳತೆ, ಹದಿಮೂರು ಅಡಿ ಉದ್ದ ಐದು ಅಡಿ ಅಗಲ, ಪರಸಿಯ ಮೇಲೆ ಗೆರೆ ಎಳೆದು ತೋರಿಸಿದನಂತೆ, ಹಿಡಿಸುತ್ತದೆ ನೋಡು ಎಂದು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಆ ಗೆರೆಯ ಒಳಗೇ, ಸರಿಯಾಗಿ ಅಂಚಿನ ತನಕ, ಅವ್ವ ಸೀರೆ ಹಾಸಿ ಕುರಡಗಿ ಒತ್ತಿದ್ದರು.

"ಗಾಡಿ ಇನ್ನಾ ಬಂದಿಲ್ಲಲ್ಲ" ಅಂದರಂತೆ.