ಮಾಜಿ ಸೈನಿಕರಾಗಿದ್ದ ಅಪ್ಪ ತೀರಿಕೊಂಡರು. ಹಾಸನದಲ್ಲಿ ಅವರು ನಡೆಸುತ್ತಿದ್ದ ಬಾರ್ ಮುಂದುವರಿಸುವುದು ಹೇಗೆ?

1971ರ ಯುದ್ಧದಲ್ಲಿದ್ದು ಬಂದ ನಿಮ್ಮ ತಂದೆಯವರ ಹೆಸರಲ್ಲಿ ಸಿಎಲ್-9 (ಬಾರ್ ಮತ್ತು ರೆಸ್ಟೋರೆಂಟ್) ಲೈಸೆನ್ಸ್ ಇದೆ, ಹಳೇ ಗಿರಾಕಿಗಳು ಬಾಗಿಲು ಹಾಕಬೇಡಿ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಬಾರ್ ಉಳಿಸಿಕೊಳ್ಳಬಹುದು. ಆದರೆ ‘ಸದ್ಯಕ್ಕೆ ಅಪ್ಪನ ಹೆಸರಲ್ಲೇ ನಡೀಲಿ’ ಅಂತ ಬಿಡಬೇಡಿ, ಕೆಡುವುದು ಅಲ್ಲೇ. ಈ ಲೈಸೆನ್ಸ್ ಹೊಲಮನೆಯ ಹಾಗೆ ತಾನಾಗಿ ಮಕ್ಕಳಿಗೆ ಇಳಿದು ಬರುವಂಥದ್ದಲ್ಲ.

ಮೊದಲು ಹಾಸನದ ಅಬಕಾರಿ ಉಪ ಆಯುಕ್ತರ ಕಚೇರಿಗೆ ಮರಣ ಪ್ರಮಾಣಪತ್ರದ ಜೊತೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಹೆಸರು ಬದಲಾಗುವವರೆಗೆ ಮಾರಾಟ ನಡೆಸಬಹುದೇ ಎಂದೂ ಅದೇ ಪತ್ರದಲ್ಲಿ ಕೇಳಿ. ಬಾಯಿಮಾತಿನ ‘ನಡೆಸಿ ಬಿಡಿ’ಯನ್ನು ನಂಬಬೇಡಿ. ಸ್ಟಾಕನ್ನು ಅಬಕಾರಿ ಇನ್‌ಸ್ಪೆಕ್ಟರ್ ಎದುರು ಎಣಿಸಿ ರಿಜಿಸ್ಟರ್‌ಗೆ ತಾಳೆ ಹಾಕಿಸಿಕೊಳ್ಳಿ.

ಆಮೇಲೆ ವಾರಸುದಾರರ ಹೆಸರಿಗೆ ವರ್ಗಾವಣೆ ಅರ್ಜಿ. ನಾಡಕಚೇರಿಯಿಂದ ವಂಶವೃಕ್ಷ ತೆಗೆಸುವಾಗ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡಬೇಡಿ. ಬಿಟ್ಟರೆ ಒಂದು ತಕರಾರು ಅರ್ಜಿ ಸಾಕು, ಕಡತ ತಿಂಗಳುಗಟ್ಟಲೆ ಕೂರುತ್ತದೆ. ಒಬ್ಬರ ಹೆಸರು ನಿಕ್ಕಿ ಮಾಡಿ, ಉಳಿದವರಿಂದ (ಅಮ್ಮನಿಂದಲೂ) ನೋಟರಿ ಒಪ್ಪಿಗೆ ಪತ್ರ ಪಡೆಯಿರಿ. ಸೈನ್ಯದಲ್ಲಿದ್ದವರ ಮನೆಗಳಲ್ಲಿ ಇನ್ನೊಂದು ತೊಡಕು: ಡಿಸ್ಚಾರ್ಜ್ ಬುಕ್ಕಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಹೆಸರು, ಲೈಸೆನ್ಸಿನಲ್ಲಿ ಬೇರೆ, ಆಧಾರ್‌ನಲ್ಲಿ ಮತ್ತೊಂದು. ಮೂರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿಡಿ.

ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ವರ್ಗಾವಣೆ ಬಾಕಿ ಇದೆ ಅಂತ ನವೀಕರಣ ಶುಲ್ಕ ಕಟ್ಟದೆ ಕೂತರೆ ವರ್ಗಾಯಿಸಲು ಲೈಸೆನ್ಸೇ ಉಳಿಯದಿರಬಹುದು. ನೀವು ಮದ್ಯ ಕೊಳ್ಳುವ ಸರ್ಕಾರಿ ಪಾನೀಯ ನಿಗಮದ ಡಿಪೋ ಖಾತೆಯಲ್ಲಿ ಪ್ಯಾನ್ ಬದಲಾಗದಿದ್ದರೆ ಪ್ರತಿ ಬಿಲ್ಲಿನ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ತೀರಿಕೊಂಡವರ ಲೆಕ್ಕಕ್ಕೇ ಜಮೆಯಾಗುತ್ತದೆ, ವಾಪಸ್ ಪಡೆಯಲು ಹೆಣಗಬೇಕು. ಟ್ರೇಡ್ ಲೈಸೆನ್ಸ್, ಅಡುಗೆಮನೆಯ ಆಹಾರ ಪರವಾನಗಿ, ಜಿಎಸ್‌ಟಿ ಕೂಡ ಹೊಸ ಹೆಸರಿಗೆ ಆಗಬೇಕು.

‘ಲೈಸೆನ್ಸ್ ಲೀಸಿಗೆ ಕೊಡಿ, ತಿಂಗಳಿಗಿಷ್ಟು ಕೊಡ್ತೀವಿ’ ಅನ್ನುವವರು ತಿಥಿ ಮುಗಿಯುವ ಮುಂಚೆಯೇ ಬರುತ್ತಾರೆ. ಒಳಬಾಡಿಗೆಗೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಕೇಸ್ ಬಿದ್ದರೆ ಬೀಳುವುದು ಲೈಸೆನ್ಸ್‌ದಾರರ ಮೇಲೆ.

ಅಪ್ಪನ ಸಮವಸ್ತ್ರದ ಫೋಟೊ ಗಲ್ಲಾದ ಮೇಲೆ ಇರಲಿ. ಆದರೆ ಗಲ್ಲಾದ ಕೆಳಗೆ ಮಿಲಿಟರಿ ಕ್ಯಾಂಟೀನ್ ರಮ್ ಉಳಿದಿದೆಯೇ ನೋಡಿ, ಇದ್ದರೆ ಇವತ್ತೇ ತೆಗೆಯಿರಿ. ರಕ್ಷಣಾ ಸಿಬ್ಬಂದಿಗೆ ಮಾತ್ರ ಎಂದು ಅಚ್ಚಾದ ಬಾಟಲಿ ಬಾರಿನಲ್ಲಿ ಸಿಕ್ಕರೆ, ಅದು ಅವರು ಕುಡಿಯಲು ಇಟ್ಟುಕೊಂಡದ್ದು ಎಂದು ಹೇಳಿ ಪಾರಾಗಲು ಆಗುವುದಿಲ್ಲ. ಅವರ ಕ್ಯಾಂಟೀನ್ ಕಾರ್ಡನ್ನೂ ಹಿಂದಿರುಗಿಸಿ. ಅಮ್ಮನ ಹೆಸರಲ್ಲೇ ಬೇರೆ ಕಾರ್ಡ್ ಮಾಡಿಸಬಹುದು.

ಇನ್ನು ಗಿರಾಕಿಗಳ ವಿಷಯ. ಮುದ್ರೆಯಿರುವ ಅಳತೆ ಲೋಟಗಳನ್ನು ಬದಲಿಸಬೇಡಿ. 750 ಮಿ.ಲೀ. ಫುಲ್‌ನಲ್ಲಿ 30 ಮಿ.ಲೀ.ಯ ಪೆಗ್ 25 ಬರುತ್ತವೆ. ಟೇಬಲ್ಲಿಗೆ ಕೊಡುವ ಸಪ್ಲೈಯರ್ ಒಂದು ಫುಲ್ಲಿಗೆ 27 ಪೆಗ್ಗಿನ ಲೆಕ್ಕ ಕೊಟ್ಟರೆ ಖುಷಿಪಡಬೇಡಿ, ಆ ಎರಡು ಪೆಗ್ ಅಪ್ಪನ ಗಿರಾಕಿಗಳ ಲೋಟದಿಂದ ಹೋದದ್ದು.